ಎಣ್ಣೆಡಬ್ಬಿ ಭೂತ

ಬೀಗದಕ್ಕನ ಗಂಡನಿಗೆ ಏನನ್ನೇ ಶುರು ಮಾಡುವ ಮೊದಲು ಮೂರು ಸಲ ಕೇಳುವ ಚಟ. ಸ್ಕೂಟರ್ ಹೊರಡಿಸುವ ಮುಂಚೆ "ಕೂತ್ಯಾ? ಕೂತ್ಯಾ? ಕೂತ್ಯಾ?" ಬಚ್ಚಲುಮನೆಯ ದೀಪ ಆರಿಸುವ ಮುಂಚೆ "ಒಳಗಿದ್ದೀಯಾ?" ಎಂದು ಮೂರು ಸಲ, ಹೆಂಡತಿ ಎದುರಿಗೇ ನಿಂತು ತಲೆ ಒರೆಸಿಕೊಳ್ಳುತ್ತಿದ್ದರೂ ಸರಿಯೇ. ಜೊತೆ ಕೆಲಸದವರು ಅವನಿಗೆ ಮೂರ್ಸಲದಣ್ಣ ಎಂದು ಹೆಸರಿಟ್ಟು ನಿಜವಾದ ಹೆಸರನ್ನು ಎಂದೋ ಮರೆತಿದ್ದರು. ಮದುವೆಯಾದ ಹೊಸತರಲ್ಲಿ ಬೀಗದಕ್ಕನಿಗೆ ಇದು ಮುದ್ದಾಗಿ ಕಂಡಿತ್ತು. ಆ ಮುದ್ದು ಆರು ತಿಂಗಳು ಬಾಳಿತು. ಆಮೇಲೆ ಅವಳು ಉತ್ತರ ಕೊಡುವುದನ್ನೇ ಬಿಟ್ಟಳು. ಸ್ಕೂಟರಿನ ಹಿಂದೆ ಕೂತು, ಅವನು ಮೂರು ಸಲ ಕೇಳಿ ಮುಗಿಸುವ ತನಕ ಆಕಾಶ ನೋಡುತ್ತಿದ್ದಳು.

ಹಾಗಂತ ಅವಳೇನು ಕಡಿಮೆಯವಳಲ್ಲ. ಮನೆಯಲ್ಲಿ ಒಂದು ಬಲ್ಬು ಬದಲಾಯಿಸಬೇಕೆಂದರೂ ಮೇನ್ ಸ್ವಿಚ್ಚು ಆರಿಸಿ, ಅದಕ್ಕೊಂದು ಹಳದಿ ಬೀಗ ಜಡಿದು, ಕೀಲಿಕೈ ಜೇಬಿಗೆ ಇಳಿಸಿಕೊಂಡ ಮೇಲೇ ಏಣಿ ಹತ್ತುವವಳು. ಕಾಲೇಜಿಗೆ ಹೋಗುವ ಮಗಳು ಇಬ್ಬರನ್ನೂ ಸೇರಿಸಿ ಅಣಕಿಸುತ್ತಿದ್ದಳು. "ಅಮ್ಮ ಬೀಗ ಹಾಕ್ಬೇಕು, ಅಪ್ಪ ಮೂರ್ ಸಲ ಕೇಳ್ಬೇಕು. ಅಷ್ಟೊತ್ತಿಗೆ ಬೆಳಕೇ ಹರಿದಿರುತ್ತೆ, ಬಲ್ಬ್ ಯಾಕೆ ಬೇಕು?"

ಇಬ್ಬರೂ ದುಡಿಯುವುದು ಒಂದೇ ಮನರಂಜನಾ ಪಾರ್ಕಿನಲ್ಲಿ. ಅವಳು ಅಲ್ಲಿನ ಹಿರಿಯ ಮೆಕ್ಯಾನಿಕ್. ತಿರುಗುವ, ಜಾರುವ, ಹಾರುವ ಯಾವ ಯಂತ್ರ ಕೆಟ್ಟರೂ ಅವಳ ಕೈ ಬೀಳಲೇಬೇಕು. ಹೊಸದಾಗಿ ಸೇರಿದ ಮೆಕ್ಯಾನಿಕ್‌ಗಳಿಗೆ ಮೊದಲ ಪಾಠ ಹೇಳುವವಳೂ ಅವಳೇ. ಪಾಠ ಒಂದೇ ಸಾಲಿನದು: ಯಂತ್ರದೊಳಗೆ ಕಾಲಿಡುವ ಮೊದಲು ಅದರ ಮೇನ್ ಸ್ವಿಚ್ಚಿಗೆ ನಿನ್ನ ಹಳದಿ ಬೀಗ ಹಾಕು, ಕೀಲಿಕೈ ಜೇಬಿನಲ್ಲಿಟ್ಟುಕೋ. ಬೀಗ ಬಿದ್ದ ಯಂತ್ರವನ್ನು ಯಾರಪ್ಪನೂ ಶುರು ಮಾಡಲಾರ. "ಎರಡು ನಿಮಿಷದ ಕೆಲಸ ಅಂತ ಬೀಗ ಹಾಕದೆ ಒಳಗೆ ಹೋದೋರ ಫೋಟೋಗೆ ಹಾರ ಹಾಕೋದಕ್ಕೂ ಎರಡೇ ನಿಮಿಷ ಸಾಕು," ಎಂದು ಅವಳು ಹೇಳಿದರೆ ಮೀಸೆ ಹೊತ್ತ ಗಂಡಸರೂ ಸೊಂಟದ ಬೀಗ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಗಂಡನದು ಗೇಟಿನ ಪಕ್ಕದ ಕಳೆದು ಸಿಕ್ಕ ವಸ್ತುಗಳ ಕೌಂಟರ್. ಜನ ಬಿಟ್ಟುಹೋದ ಕೊಡೆ, ಕನ್ನಡಕ, ಒಂಟಿ ಚಪ್ಪಲಿ, ಒಮ್ಮೆ ಒಂದು ಹಲ್ಲಿನ ಸೆಟ್ಟು, ಎಲ್ಲಕ್ಕೂ ಚೀಟಿ ಕಟ್ಟಿ ಕಾಯುವುದು ಅವನ ಕೆಲಸ.

ಒಂದು ಬೆಳಗ್ಗೆ ಪಾರ್ಕಿನ ಗೊಂಬೆ ಅಂಗಡಿಯ ಗಾಜಿನ ಮೇಲೆ ಹೊಸ ಪೋಸ್ಟರ್ ಅಂಟಿತ್ತು. ಪಾರ್ಕಿನ ಹಳೆಯ ಆಟ ಕತ್ತಲಕೋಟೆ. ಎರಡೆರಡು ಜನ ಕೂರುವ ಪುಟ್ಟ ಗಾಡಿಗಳು ಹಳಿಯ ಮೇಲೆ ಕತ್ತಲೊಳಗೆ ನುಗ್ಗುತ್ತವೆ, ಎಡಬಲದಿಂದ ಭೂತಪ್ರೇತಗಳು ಎದ್ದು ಹೆದರಿಸುತ್ತವೆ. ಆ ಭೂತಗಳನ್ನೇ ಗೇಣುದ್ದದ ವಿನೈಲ್ ಗೊಂಬೆಗಳಾಗಿ ಮಾಡಿ, ಬ್ಲೈಂಡ್ ಬಾಕ್ಸಿನಲ್ಲಿಟ್ಟು ಮಾರುತ್ತಾರಂತೆ. ಒಳಗೆ ಯಾರಿದ್ದಾರೆಂದು ಪೆಟ್ಟಿಗೆಯ ಹೊರಗೆ ಬರೆದಿರುವುದಿಲ್ಲ. ಕೊಂಡು, ತೆರೆದು, ಹಣೆಬರಹ ನೋಡಿಕೊಳ್ಳಬೇಕು. ಪೋಸ್ಟರಿನಲ್ಲಿ ಹನ್ನೆರಡು ಗೊಂಬೆಗಳು ಬಣ್ಣಬಣ್ಣವಾಗಿ ನಿಂತಿದ್ದವು: ಒಂಟಿಹಲ್ಲಜ್ಜಿ, ಡೋಲು ಬಡಿಯುವ ಅಸ್ಥಿಪಂಜರ, ತಲೆಯಿಲ್ಲದ ಅಡುಗೆಯವನು, ತಲೆಕೆಳಗಾಗಿ ಪುಸ್ತಕ ಓದುವ ಬಾವಲಿ. ಬೀಗದಕ್ಕನಿಗೆ ಎಲ್ಲರೂ ಹಳೆಯ ಪರಿಚಯದವರು. ಅಜ್ಜಿಯ ಕುತ್ತಿಗೆಗೆ ಅವಳೇ ಅದೆಷ್ಟು ಸಲ ಎಣ್ಣೆ ಬಿಟ್ಟಿಲ್ಲ.

ಹದಿಮೂರನೆಯ ಗೊಂಬೆ ಮಾತ್ರ ಬರೀ ಕಪ್ಪು ನೆರಳು, ಮೇಲೊಂದು ಪ್ರಶ್ನೆ ಚಿಹ್ನೆ. ಕೆಳಗೆ ಹೀಗೆ ಬರೆದಿತ್ತು: "ಗುಟ್ಟಿನ ಗೊಂಬೆ! ನಮ್ಮ ಪಟ್ಟಿಯಲ್ಲೇ ಇಲ್ಲದ ಭೂತ. ವರ್ಷಗಳ ಹಿಂದೆ ಒಂದು ಮಗು ಅಭಿಪ್ರಾಯ ಪೆಟ್ಟಿಗೆಗೆ ಹಾಕಿದ ಚಿತ್ರದಿಂದ." ನೆರಳು ಒಬ್ಬ ಹೆಂಗಸಿನದು. ಕೈಯಲ್ಲಿ ಉದ್ದ ಮೂತಿಯ ಎಣ್ಣೆಡಬ್ಬಿ. ಸೊಂಟದ ಹತ್ತಿರ ಏನೋ ಒಂದು ಉಬ್ಬು.

ಬೀಗದಕ್ಕ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ಆ ಹೆಂಗಸು ಅವಳೇ.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಊಟದ ಬಿಡುವಿನಲ್ಲಿ ಕತ್ತಲಕೋಟೆ ನಿಂತಿತ್ತು. ಒಂಟಿಹಲ್ಲಜ್ಜಿಯ ಕುತ್ತಿಗೆ ಬೆಳಗಿನಿಂದ ಕಿರುಗುಟ್ಟುತ್ತಿತ್ತು. ಎರಡು ಹನಿ ಎಣ್ಣೆ ಬಿಟ್ಟು ಬರೋಣವೆಂದು ಹೋದಳು. ಮೇನ್ ಸ್ವಿಚ್ಚು ಕಟ್ಟಡದ ಆ ಕಡೆ ಇತ್ತು. ಅಲ್ಲಿಗೆ ಹೋಗಿ ಬರಲು ಐದು ನಿಮಿಷ, ಕೆಲಸಕ್ಕೆ ಎರಡೇ ನಿಮಿಷ. ಬೀಗ ಸೊಂಟದಲ್ಲೇ ಉಳಿಯಿತು. ಅಜ್ಜಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ತೂರಿಕೊಂಡು ಎಣ್ಣೆ ಬಿಡುತ್ತಿರುವಾಗ ಹಳಿ ಗಡಗಡ ಎಂದಿತು. ಒಳಗೆ ಕಿರುಚಾಟದ ಟೇಪು ಒಂದೇ ಸಮನೆ ಓಡುತ್ತಿತ್ತು. ಅದರ ಗದ್ದಲದಲ್ಲಿ ಇನ್ನಾವ ಸದ್ದೂ ಅವಳ ಕಿವಿಗೆ ಬಿದ್ದಿರಲಿಲ್ಲ.

ಅಜ್ಜಿಯ ಕತ್ತಿ ಹಿಡಿದ ಕೈ ಮೇಲೆದ್ದು, ಅವಳ ಕಿವಿಯ ಪಕ್ಕದಲ್ಲೇ ಸುಯ್ಯೆಂದು ಇಳಿಯಿತು. ಜನರ ಪಾಲಿಗೆ ಅದು ರಟ್ಟಿನ ಕತ್ತಿ. ಅದರೊಳಗಿನ ಕಬ್ಬಿಣದ ಸರಳಿನ ತೂಕ ಮೆಕ್ಯಾನಿಕ್‌ಗೆ ತಾನೇ ಗೊತ್ತು. ಮುಂದಕ್ಕೆ ಸರಿದರೆ ಹಳಿ, ಹಿಂದಕ್ಕೆ ಸರಿದರೆ ಮೋಟಾರಿನ ಬೆಲ್ಟು. ಅಲ್ಲಾಡದೆ ನಿಂತಳು. ಒಂದಾದ ಮೇಲೊಂದು ಹದಿನಾಲ್ಕು ಗಾಡಿಗಳು ಬಂದವು, ಹದಿನಾಲ್ಕು ಸಲ ಕತ್ತಿ ಇಳಿಯಿತು. ಯಾವುದೋ ಗಾಡಿಯಿಂದ ಒಂದು ಮಗು, "ಅಮ್ಮಾ, ಎಣ್ಣೆಡಬ್ಬಿ ಭೂತ!" ಎಂದು ಕೂಗಿದ್ದು ಕೇಳಿಸಿತು. ಕೊನೆಯ ಗಾಡಿ ದಾಟಿದ ಮೇಲೆ ಪಕ್ಕದ ಬಾಗಿಲಿನಿಂದ ಹೊರಗೆ ಬಿದ್ದು, ಗೋಡೆ ಹಿಡಿದು ನಿಂತು, ಹೋದ ಜೀವ ತಿರುಗಿ ಬರುವ ತನಕ ಕಾದಳು. ಯಾರಿಗೂ ಹೇಳಲಿಲ್ಲ.

ಅಂದಿನಿಂದ ಬೀಗ ಬಿಟ್ಟವಳಲ್ಲ. ಅವಳ ಪಾಠಕ್ಕೆ ಅಷ್ಟು ಖಾರ ಬಂದದ್ದೂ ಅಲ್ಲಿಂದಲೇ. ಈಗ ಆ ಗೊಂಬೆ ಸೊಂಟದಲ್ಲಿ ಬೀಗ ತೂಗಿಸಿಕೊಂಡು ಹೊರಬಂದರೆ, ಊರಿಗೆಲ್ಲ ಅದು ಆಟಿಕೆ. ಆದರೆ ಮೆಕ್ಯಾನಿಕ್ ಆದವನಿಗೆ ಒಂದೇ ನೋಟ ಸಾಕು: ಬೀಗ ಸೊಂಟದಲ್ಲಿದೆ ಎಂದರೆ ಸ್ವಿಚ್ಚಿನ ಮೇಲೆ ಇಲ್ಲ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದು ಬೆನ್ನ ಹಿಂದೆ ನಗುತ್ತಾರೆ. ನಗಲಿ, ಅದನ್ನಾದರೂ ತಡೆದುಕೊಂಡಾಳು. ಅವಳ ನಿಜವಾದ ಭಯ ಬೇರೆ. ಆ ದಿನ ಕತ್ತಲಕೋಟೆಯ ಬಟನ್ ಮೇಲೆ ಬೆರಳಿಟ್ಟಿದ್ದವನು ಮೂರ್ಸಲದಣ್ಣ. ಆಗಿನ್ನೂ ಅವನು ಬರೀ ಆಪರೇಟರ್, ಅವಳ ಗಂಡನಾಗಿರಲಿಲ್ಲ. ಕತ್ತಿ ಒಂದು ಬೆರಳು ಈ ಕಡೆ ಇಳಿದಿದ್ದರೆ ಅವಳು ಸಾಯುತ್ತಿದ್ದಳು, ಅವನು ಕೊಲೆಗಾರ ಎನಿಸಿಕೊಂಡು ಬದುಕಬೇಕಿತ್ತು. ಅವಳ ಸೋಮಾರಿತನಕ್ಕೆ ಅವನು ಬಲಿಯಾಗಬೇಕಿತ್ತು. ಇದು ಅವನಿಗೆ ಗೊತ್ತಾಗಬಾರದು. ಗೊತ್ತಾದರೆ ಅವನು ತನ್ನ ಮುಖವನ್ನು ಮೊದಲಿನ ಹಾಗೆ ನೋಡಲಾರ ಎಂದು ಇಪ್ಪತ್ತೆರಡು ವರ್ಷ ಹೆದರಿದ್ದಳು.

ಆಫೀಸಿಗೆ ಹೋಗಿ "ಗುಟ್ಟಿನ ಗೊಂಬೆ ತೋರಿಸಿ" ಎನ್ನಬಹುದಿತ್ತು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದೆ. ಅದಕ್ಕೇ ಮಧ್ಯಾಹ್ನ ಗೊಂಬೆ ಅಂಗಡಿಗೆ ಹೋಗಿ, ಅಕ್ಕನ ಮೊಮ್ಮಗುವಿಗೆ ಎಂದು ಸುಳ್ಳು ಹೇಳಿ ಎರಡು ಪೆಟ್ಟಿಗೆ ಕೊಂಡಳು. ಎರಡರಲ್ಲೂ ಒಂಟಿಹಲ್ಲಜ್ಜಿ.

ಮರುದಿನ ಮೂರು. ಅದರ ಮರುದಿನ ಮತ್ತೆ ಮೂರು. ಅಂಗಡಿಯ ಹುಡುಗಿ ಮರುಕದಿಂದ ಗುಟ್ಟು ಹೇಳಿಕೊಟ್ಟಳು. "ಆಂಟಿ, ಸುಮ್ನೆ ತಗೋಬೇಡಿ. ಗೊಂಬೆ ಸೇರಿಸೋರೆಲ್ಲ ಮೊದ್ಲು ಅಲ್ಲಾಡಿಸಿ ನೋಡ್ತಾರೆ. ಅಸ್ಥಿಪಂಜರ ಲೊಟಲೊಟ ಅನ್ನುತ್ತೆ, ಬಾವಲಿ ಸದ್ದೇ ಮಾಡಲ್ಲ. ಗುಟ್ಟಿಂದು ಇನ್ನೂ ಯಾರಿಗೂ ಸಿಕ್ಕಿಲ್ಲ, ಒಂದೊಂದು ಡಬ್ಬದಲ್ಲಿ ಹನ್ನೆರಡು ಪೆಟ್ಟಿಗೆ, ಅಂಥ ಆರು ಡಬ್ಬಕ್ಕೆ ಒಂದೇ ಒಂದಂತೆ."

ಇದನ್ನು ಬೇರೆಯವರಿಗೆ ಹೇಳಿದ್ದರೆ ಅಲ್ಲಾಡಿಸಿ ಸುಮ್ಮನಾಗುತ್ತಿದ್ದರು. ಬೀಗದಕ್ಕ ಮರುದಿನ ಉದ್ದನೆಯ ಸ್ಕ್ರೂಡ್ರೈವರ್ ತಂದಳು. ಬೇರಿಂಗ್ ಸವೆದಿದೆಯೇ ಎಂದು ನೋಡಲು ಮೆಕ್ಯಾನಿಕ್‌ಗಳು ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು ಕೇಳುತ್ತಾರೆ. ಅದೇ ರೀತಿ ಅವಳು ಪೆಟ್ಟಿಗೆಯ ನೆತ್ತಿಗೆ ಅದನ್ನಿಟ್ಟು, ಕಣ್ಣು ಮುಚ್ಚಿ, ಒಂದೊಂದನ್ನೇ ತಿರುಗಿಸಿ ಕೇಳತೊಡಗಿದಳು. ಅಂಗಡಿಗೆ ಬಂದ ಮಕ್ಕಳು ಆಟಿಕೆ ಬಿಟ್ಟು ಅವಳನ್ನೇ ನೋಡುತ್ತ ನಿಂತರು. ಅರ್ಧ ಗಂಟೆ ಪರೀಕ್ಷೆ ಮಾಡಿ, ಎಣ್ಣೆಡಬ್ಬಿಯ ಮೂತಿ ತಾಗುವ ಸದ್ದು ಇದೇ ಎಂದು ನಂಬಿ ಒಂದನ್ನು ಆರಿಸಿದಳು. ಮನೆಗೆ ಬಂದು ತೆರೆದರೆ ಅಜ್ಜಿ, ಒಂಟಿ ಹಲ್ಲು ತೋರಿಸಿ ನಗುತ್ತಿದ್ದಳು. ಕತ್ತಿಯ ಸದ್ದಿಗೂ ಎಣ್ಣೆಡಬ್ಬಿಯ ಸದ್ದಿಗೂ ಅಷ್ಟೇನೂ ವ್ಯತ್ಯಾಸವಿರಲಿಲ್ಲ.

ಇದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಎಂದು ಅವಳಿಗೂ ಗೊತ್ತಿತ್ತು. ಒಂದು ಅವಳಿಗೆ ಸಿಕ್ಕರೂ ಉಳಿದವು ಇನ್ನಾರದೋ ಕೈಗೆ ಹೋಗುತ್ತವೆ. ಆದರೂ ಸೊಂಟದ ಆ ಉಬ್ಬು ಬೀಗವೋ ಅಲ್ಲವೋ ಎಂದು ಒಮ್ಮೆ ಕಣ್ಣಾರೆ ನೋಡಿಬಿಟ್ಟರೆ ಸಾಕು ಅನಿಸುತ್ತಿತ್ತು. ಸಿಕ್ಕ ಗೊಂಬೆಗಳನ್ನು ಗಂಡನ ಕಣ್ಣಿಗೆ ಬೀಳದಂತೆ ಉಪಕರಣದ ಪೆಟ್ಟಿಗೆಯಲ್ಲಿ, ಚಳಿಗಾಲದ ಹೊದಿಕೆಗಳ ನಡುವೆ, ಅಡುಗೆಮನೆಯ ಡಬ್ಬಿಗಳಲ್ಲಿ ಬಚ್ಚಿಟ್ಟಳು. ಹತ್ತನೆಯ ದಿನ ಮಗಳು ಮೊಣಕೈವರೆಗೆ ಬಿಳಿಯಾಗಿ ಅಡುಗೆಮನೆಯಿಂದ ಬಂದಳು.

"ಅಮ್ಮಾ, ಹಿಟ್ಟಿನ ಡಬ್ಬೀಲಿ ಅಜ್ಜಿ ಇದಾಳೆ."

"ಇರ್ಲಿ ಬಿಡು," ಎಂದಳು ಬೀಗದಕ್ಕ.

"ಇಬ್ರು ಇದಾರೆ."

"ಜೊತೆಗಿರ್ಲಿ, ಪಾಪ. ಅಪ್ಪಂಗೆ ಹೇಳ್ಬೇಡ." ಮಗಳು ತಾಯಿಯ ಹಣೆ ಮುಟ್ಟಿ ನೋಡಿ, ಜ್ವರವಿಲ್ಲವೆಂದು ಖಾತ್ರಿ ಮಾಡಿಕೊಂಡು ಹೋದಳು.

ಎರಡು ವಾರ ಕಳೆದವು. ಆ ದಿನ ಬೀಗದಕ್ಕ ಅಂಗಡಿಗೆ ಹೋದಾಗ ಕಪಾಟು ಅರ್ಧ ಖಾಲಿಯಾಗಿತ್ತು.

"ನೀವು ತಡ ಮಾಡಿದ್ರಿ ಆಂಟಿ," ಎಂದಳು ಹುಡುಗಿ. "ನಿಮ್ಮ ಥರಾನೇ ಇನ್ನೊಬ್ರು ದಿನಾ ಸಂಜೆ ಬರ್ತಾರೆ. ನೆನ್ನೆ ಒಂದು ರಾಶಿ ತಗೊಂಡ್ ಹೋದ್ರು. ಅವರ್ದು ನಿಮಗಿಂತ ತಮಾಷೆ."

"ಏನ್ ಮಾಡ್ತಾರೆ?"

"ಪೆಟ್ಟಿಗೆ ಮೇಲೆ ಬೆರಳಲ್ಲಿ ತಟ್ಟಿ, 'ಒಳಗೆ ಯಾರಾದ್ರೂ ಇದ್ದೀರಾ' ಅಂತ ಕೇಳ್ತಾರೆ. ಒಂದ್ ಸಲ ಅಲ್ಲ, ಒಂದೊಂದು ಪೆಟ್ಟಿಗೆಗೂ ಮೂರ್ ಮೂರ್ ಸಲ."

ಬೀಗದಕ್ಕ ಹಿಡಿದಿದ್ದ ಪೆಟ್ಟಿಗೆಯನ್ನು ಕಪಾಟಿನಲ್ಲಿ ವಾಪಸಿಟ್ಟಳು. ಈ ಭೂಮಿಯ ಮೇಲೆ ಹಾಗೆ ಕೇಳುವವನು ಒಬ್ಬನೇ. ಅವನಿಗೆ ಗೊಂಬೆ ಯಾಕೆ ಬೇಕು? ಪೋಸ್ಟರ್ ನೋಡಿದ್ದಾನೆ, ಗುರುತು ಹಿಡಿದಿದ್ದಾನೆ, ಸಾಕ್ಷಿ ಹುಡುಕುತ್ತಿದ್ದಾನೆ. ಮನೆಯಲ್ಲಿ ಎರಡು ವಾರದಿಂದ ಗುಮ್ಮನ ಗುಸಕನ ಹಾಗೆ ಕೂತಿದ್ದುದು ಇದಕ್ಕೇ. ಅವಳು ನೇರ ಗೇಟಿನ ಕಡೆ ನಡೆದಳು. ಇನ್ನೊಂದು ರಾತ್ರಿ ಈ ಭಯ ಹೊತ್ತುಕೊಂಡು ಅವನ ಪಕ್ಕದಲ್ಲಿ ಮಲಗುವ ಶಕ್ತಿ ಅವಳಿಗಿರಲಿಲ್ಲ.

ಕೌಂಟರಿನ ಹಿಂದೆ ಮೂರ್ಸಲದಣ್ಣ ತಲೆ ಬಗ್ಗಿಸಿ ಚೀಟಿ ಬರೆಯುತ್ತಿದ್ದ. ಅವನ ಬೆನ್ನ ಹಿಂದಿನ ಕಪಾಟನ್ನು ಅವಳು ಇವತ್ತು ಮೊದಲ ಬಾರಿಗೆ ಕಣ್ಣಿಟ್ಟು ನೋಡಿದಳು. ಕೊಡೆಗಳ ಸಾಲಿನ ಮೇಲೆ, ಕನ್ನಡಕಗಳ ಪಕ್ಕದಲ್ಲಿ, ಡೋಲು ಬಡಿಯುವ ಅಸ್ಥಿಪಂಜರಗಳು ಸಾಲಾಗಿ ನಿಂತಿದ್ದವು. ಹನ್ನೊಂದು ಇದ್ದವು. ಪ್ರತಿಯೊಂದರ ಕುತ್ತಿಗೆಗೂ ಅವನು "ಸಿಕ್ಕಿದ್ದು" ಎಂದು ಬರೆದ ಚೀಟಿ ಕಟ್ಟಿದ್ದ. ಅವಳು ಹಿಟ್ಟಿನ ಡಬ್ಬಿ ಹುಡುಕಿಕೊಂಡಿದ್ದಳು, ಇವನು ಸರ್ಕಾರಿ ಠೀವಿಯಲ್ಲಿ ಎಲ್ಲರೆದುರಿಗೇ ಬಚ್ಚಿಟ್ಟಿದ್ದ.

"ಏನು ಕಳ್ಕೊಂಡಿದೀರಿ?" ಅವನು ರೂಢಿಯ ಪ್ರಕಾರ ತಲೆಯೆತ್ತದೆ ಕೇಳಿದ.

"ಒಂದು ಗೊಂಬೆ."

ಪೆನ್ನು ನಿಂತಿತು. ಅವನು ತಲೆಯೆತ್ತಿ ಹೆಂಡತಿಯನ್ನು ನೋಡಿದ, ತಕ್ಷಣ ಎದ್ದು ಅಸ್ಥಿಪಂಜರಗಳಿಗೆ ಅಡ್ಡವಾಗಿ ನಿಂತ. "ನೀನಾ! ಇಷ್ಟೊತ್ತಲ್ಲಿ... ಊಟ ಆಯ್ತಾ?"

"ಊಟದ ಮಾತು ಆಮೇಲೆ. ನಿಮ್ಮ ಕೌಂಟರಿಂದೇ ನಿಯಮ ಇದೆಯಲ್ಲ, ವಸ್ತು ತೋರ್ಸೋ ಮುಂಚೆ ಕಳ್ಕೊಂಡೋರೇ ಗುರುತು ಹೇಳ್ಬೇಕು ಅಂತ. ಕೇಳಿ. ಬರ್ಕೊಳ್ಳಿ."

ಅವನು ಮೆಲ್ಲಗೆ ಕೂತು ಪುಸ್ತಕ ತೆರೆದ.

"ಎಂಥ ಗೊಂಬೆ?"

"ಹೆಂಗಸಿಂದು. ಕೈಯಲ್ಲಿ ಉದ್ದ ಮೂತಿ ಎಣ್ಣೆಡಬ್ಬಿ."

"ಬಟ್ಟೆ?"

"ನೀಲಿ ಮೇಲಂಗಿ. ಮೊಣಕೈ ಹತ್ರ ತೇಪೆ."

"ಎಲ್ಲಿ ಕಳೀತು?"

"ಕತ್ತಲಕೋಟೆ ಒಳಗೆ. ಒಂಟಿಹಲ್ಲಜ್ಜಿ ಹಿಂದೆ."

ಅವನ ದನಿ ಇಳಿಯಿತು. "ಬೇರೆ ಏನಾದ್ರೂ ಗುರುತು?"

ಬೀಗದಕ್ಕ ಕೌಂಟರಿನ ಅಂಚು ಹಿಡಿದುಕೊಂಡಳು. "ಸೊಂಟದಲ್ಲಿ ಒಂದು ಹಳದಿ ಬೀಗ. ಅಲ್ಲಿರಬಾರದಿತ್ತು ಅದು, ಸ್ವಿಚ್ ಮೇಲಿರಬೇಕಿತ್ತು. ಎರಡು ನಿಮಿಷದ ಕೆಲಸ ಅಂತ ನಾನೇ ಹಾಕ್ಲಿಲ್ಲ ಕಣ್ರೀ. ನನಗೇನಾದ್ರೂ ಆಗಿದ್ರೆ ನಿಮ್ಮನ್ನ ಕೊಲೆಗಾರ ಅಂತಿದ್ರು. ಇಪ್ಪತ್ತೆರಡು ವರ್ಷ ನಿಮ್ಮ ಹತ್ರ ಮುಚ್ಚಿಟ್ಟೆ." ಇಷ್ಟು ಹೇಳುವುದರೊಳಗೆ ಅವಳ ಕಣ್ಣು ತುಂಬಿ ಅಸ್ಥಿಪಂಜರಗಳೆಲ್ಲ ಮಂಜಾಗಿದ್ದವು.

ಮೂರ್ಸಲದಣ್ಣ ಬರೆಯಲಿಲ್ಲ. ಕೆಳಗಿನ ಡ್ರಾಯರ್ ಎಳೆದು, ಕರವಸ್ತ್ರದಲ್ಲಿ ಸುತ್ತಿದ್ದ ಏನನ್ನೋ ತೆಗೆದು ಅವಳ ಮುಂದಿಟ್ಟು ಬಿಚ್ಚಿದ. ನೀಲಿ ಮೇಲಂಗಿ, ಉದ್ದ ಮೂತಿಯ ಎಣ್ಣೆಡಬ್ಬಿ. ಸೊಂಟದಲ್ಲಿ, ಮಕ್ಕಳು ಬರೆಯುವ ಹಾಗೆ ಇರಬೇಕಾದದ್ದಕ್ಕಿಂತ ಮೂರು ಪಟ್ಟು ದೊಡ್ಡದಾಗಿ, ಹಳದಿ ಬೀಗ. ಕುತ್ತಿಗೆಯ ಚೀಟಿಯಲ್ಲಿ ಅವನ ಅಕ್ಷರ: "ಸಿಕ್ಕಿದ್ದು. ವಾರಸುದಾರರು ಬಂದಿಲ್ಲ."

"ನೆನ್ನೆ ಸಿಕ್ತು," ಎಂದ. "ನಿನಗೆ ಕಾಣಬಾರದು ಅಂತ ತಗೋತಿದ್ದೆ."

"ನನಗಾ? ಯಾಕೆ?"

"ನೋಡಿದ್ರೆ ಆ ದಿನ ನೆನಪಾಗುತ್ತೆ. ನೆನಪಾದ್ರೆ, ಆವತ್ತು ಬಟನ್ ಒತ್ತಿದೋನು ಮೂರ್ ಸಲ ಕರೆದಿದ್ನಾ ಅಂತ ಯೋಚಿಸ್ತೀಯ."

ಆಪರೇಟರ್‌ಗಳಿಗೂ ಒಂದು ನಿಯಮವಿತ್ತು. ಬಿಡುವಿನ ನಂತರ ಆಟ ಶುರು ಮಾಡುವ ಮೊದಲು ಮೈಕಿನಲ್ಲಿ "ಒಳಗೆ ಯಾರಾದ್ರೂ ಇದ್ದೀರಾ?" ಎಂದು ಮೂರು ಸಲ ಕರೆಯಬೇಕು, ಪ್ರತಿ ಸಲವೂ ಉತ್ತರಕ್ಕೆ ಕಾಯಬೇಕು. ಟೇಪಿನ ಗದ್ದಲದಲ್ಲಿ ಒಂದು ಸಲ ತಪ್ಪಿದರೂ ಇನ್ನೊಂದು ಸಲ ಕೇಳಿಸೀತು ಎಂದೇ ಆ ನಿಯಮ.

"ಒಂದೇ ಸಲ ಕರೆದೆ ನಾನು," ಎಂದ ಅವನು. "ಬಿಸಿಲು, ಸಾಲು ಉದ್ದ ಇತ್ತು, ಜನ ಬೈತಾ ಇದ್ರು. ಒತ್ತಿಬಿಟ್ಟೆ. ಗಾಡಿ ವಾಪಸ್ ಬಂದಾಗ ಒಂದು ಮಗು, ಎಣ್ಣೆಡಬ್ಬಿ ಭೂತ ಚೆನ್ನಾಗಿತ್ತು ಅಂತು. ನಮ್ಮಲ್ಲಿ ಅಂಥ ಭೂತ ಎಲ್ಲಿದೆ? ಓಡಿ ಪಕ್ಕದ ಬಾಗಿಲಿಗೆ ಬಂದೆ. ನೀನು ಗೋಡೆ ಹಿಡ್ಕೊಂಡು ನಿಂತಿದ್ದೆ, ಮುಖ ಸುಣ್ಣದ ಹಾಗಿತ್ತು. ಎಲ್ಲಿದ್ದೆ ಅಂದ್ರೆ, ಸ್ಟೋರ್ ರೂಮಲ್ಲಿದ್ದೆ ಅಂದೆ."

"ನಿಮಗೆ ಆವತ್ತೇ ಗೊತ್ತಿತ್ತಾ?"

"ಆವತ್ತೇ. ಮತ್ತೆ ಆ ಬಟನ್ ಮುಟ್ಟೋಕೆ ಕೈ ಬರ್ಲಿಲ್ಲ. ಅದಕ್ಕೇ ಈ ಕೌಂಟರ್ ಕೇಳ್ಕೊಂಡ್ ಬಂದೆ. ಬೆನ್ನು ನೋವು ಅಂದಿದ್ದೆಲ್ಲ ಸುಳ್ಳು."

ಇಪ್ಪತ್ತೊಂದು ವರ್ಷದಿಂದ ಆ ಬೆನ್ನಿಗೆ ಎಣ್ಣೆ ತಿಕ್ಕಿದವಳು ಬೀಗದಕ್ಕ. ಇನ್ನೊಂದು ಹೊತ್ತಾಗಿದ್ದರೆ ಅದೊಂದಕ್ಕೇ ಒಂದು ವಾರ ಜಗಳ ತೆಗೆಯುತ್ತಿದ್ದಳು. ಈಗ ಬೇರೆ ಮಾತು ಬಾಯಿಗೆ ಬಂತು.

"ಹಾಗಾದ್ರೆ ಪಾಪ ತೊಳ್ಕೊಳ್ಳೋಕೆ ಕಟ್ಕೊಂಡ್ರಾ ನನ್ನ?"

"ಪಾಪ ತೊಳ್ಕೊಳ್ಳೋಕಾಗಿದ್ರೆ ಒಂದು ಹೊಳೆ ಸಾಕಾಗ್ತಿತ್ತಲ್ಲೇ. ನಿನ್ನ ಕೈಯಲ್ಲಿ ಬೈಸ್ಕೊಂಡು ಇಷ್ಟು ವರ್ಷ ಯಾಕೆ ಬೇಕಿತ್ತು?" ಅವನು ಕಣ್ಣೊರೆಸಿಕೊಂಡ. "ಆವತ್ತು ಸಂಜೆ ನಿನ್ನ ಹತ್ರ ತಪ್ಪಾಯ್ತು ಅನ್ನೋಕೇ ಬಂದಿದ್ದೆ. ಬಾಯಿ ತೆಗೆದ್ರೆ, ನನ್ನ ಮದುವೆ ಆಗ್ತೀಯಾ ಅಂತ ಬಂತು."

"ಮೊದಲ್ನೇ ಸಲಕ್ಕೇ ಹೂಂ ಅಂದೆ. ಆದ್ರೂ ಮೂರ್ ಸಲ ಕೇಳಿದ್ರಿ."

"ಹೂಂ. ಅಲ್ಲಿಂದಾನೇ ಶುರು ಆಗಿದ್ದು."

ಬೀಗದಕ್ಕನಿಗೆ ನಗು ಬಂತು, ಅಳುವೂ ಬಂತು, ಯಾವುದನ್ನು ಮೊದಲು ಬಿಡಬೇಕೋ ತಿಳಿಯದೆ ಬಿಕ್ಕಳಿಕೆ ಬಂತು. ಬೀಗ ಹಾಕಿದ್ದರೆ ಬಟನ್ ಕೆಲಸ ಮಾಡುತ್ತಿರಲಿಲ್ಲ. ಮೂರು ಸಲ ಕರೆದಿದ್ದರೆ ಅವಳಿಗೆ ಒಮ್ಮೆಯಾದರೂ ಕೇಳಿಸುತ್ತಿತ್ತು. ತಪ್ಪು ಇಬ್ಬರದೂ ಇತ್ತು, ಇಬ್ಬರೂ ಅದನ್ನು ಇಡಿಯಾಗಿ ತಮ್ಮದೇ ಎಂದು ಹೊತ್ತು, ಒಂದೇ ಮಂಚದ ಎರಡು ಬದಿಯಲ್ಲಿ ಮಲಗಿದ್ದರು. ಅವಳಿಗೆ ಎದೆಯ ಮೇಲಿನ ಬಂಡೆ ಯಾರೋ ಎತ್ತಿ ಆಚೆಗಿಟ್ಟಂತೆ ಹಗುರವಾಯಿತು.

ಗೊಂಬೆಯನ್ನು ಹತ್ತಿರ ಹಿಡಿದು ನೋಡಿದಳು. ತಾನು ಕಣ್ಣು ಬಿಟ್ಟುಕೊಂಡು ಧೈರ್ಯವಾಗಿ ನಿಂತಿದ್ದೆ ಎಂದೇ ಇಷ್ಟು ದಿನ ನಂಬಿದ್ದಳು. ಗೊಂಬೆಯ ಕಣ್ಣು ಬಿಗಿಯಾಗಿ ಮುಚ್ಚಿತ್ತು. ಪೆಟ್ಟಿಗೆಯಲ್ಲಿ ಒಂದು ಕಾರ್ಡೂ ಇತ್ತು, ಅದರಲ್ಲಿ ಮಗು ಚಿತ್ರದ ಕೆಳಗೆ ಬರೆದಿದ್ದ ಸಾಲು ಅಚ್ಚಾಗಿತ್ತು: "ಎಲ್ಲಾ ಭೂತಕ್ಕೂ ನನಗೆ ಭಯ ಆಯಿತು. ಎಣ್ಣೆಡಬ್ಬಿ ಭೂತ ನನಗಿಂತ ಜಾಸ್ತಿ ಹೆದರಿತ್ತು. ಅದನ್ನು ನೋಡಿ ನನ್ನ ಭಯ ಹೋಯಿತು."

"ಯಾರಿಗಾದ್ರೂ ಉಪಯೋಗ ಆಯ್ತಲ್ಲ," ಎಂದ ಮೂರ್ಸಲದಣ್ಣ.

ಅಷ್ಟರಲ್ಲಿ ಯಾರೋ ಕೊಡೆ ಕಳೆದುಕೊಂಡವರು ಬಂದು ಬೀಗದಕ್ಕನ ಹಿಂದೆ ನಿಂತು ಕೆಮ್ಮಿದರು. "ಕಪ್ಪು ಕೊಡೆ ಸಾರ್." ಕಪಾಟಿನಲ್ಲಿ ಕಪ್ಪು ಕೊಡೆಗಳೇ ಮೂವತ್ತಿದ್ದವು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ನಕ್ಕದ್ದು ಯಾಕೆಂದು ಆ ಮನುಷ್ಯನಿಗೆ ಕೊನೆಗೂ ತಿಳಿಯಲಿಲ್ಲ.

ಮರುದಿನ ಬೆಳಗ್ಗೆ ಇಬ್ಬರೂ ಚೀಫ್ ಎಂಜಿನಿಯರ್ ಕೋಣೆಗೆ ಹೋಗಿ, ಇಪ್ಪತ್ತೆರಡು ವರ್ಷ ತಡವಾದ ಘಟನಾ ವರದಿಯೊಂದನ್ನು ಮೇಜಿನ ಮೇಲಿಟ್ಟರು. ಎಂಜಿನಿಯರ್ ಅವರಿಬ್ಬರಿಗಿಂತ ಚಿಕ್ಕವಳು, ಬೀಗದಕ್ಕನ ಪಾಠ ಕೇಳಿಯೇ ಕೆಲಸ ಕಲಿತವಳು. ಎರಡು ಸಲ ಓದಿದಳು. "ಕೈಗೊಂಡ ಕ್ರಮ" ಎಂಬ ಖಾನೆ ಖಾಲಿ ಇತ್ತು.

"ಇಲ್ಲೇನು ಬರೀಲಿ ಅಕ್ಕಾ?"

"ಇಬ್ಬರಿಗೂ ಮದುವೆ ಮಾಡಲಾಗಿದೆ ಅಂತ ಬರೀರಿ," ಎಂದ ಮೂರ್ಸಲದಣ್ಣ. "ಅದಕ್ಕಿಂತ ದೊಡ್ಡ ಶಿಕ್ಷೆ ನಿಯಮದಲ್ಲಿಲ್ಲ."

ಎ‌ಂಜಿನಿಯರ್ ನಕ್ಕಳು, ಆದರೂ ನಿಯಮ ಬಿಡಲಿಲ್ಲ. ಇಬ್ಬರಿಗೂ ಒಂದು ದಿನ ಕೆಲಸವಿಲ್ಲ, ಈಗಲೇ ಮನೆಗೆ ಹೋಗಬೇಕು. ಹೋಗುವ ಮುಂಚೆ ಹೊಸಬರ ಪಾಠವೊಂದನ್ನು ಮುಗಿಸಬೇಕು. ಬೀಗದಕ್ಕನಿಗೆ ಆ ತೀರ್ಪು ಇಷ್ಟವಾಯಿತು. ತಾನು ಕಲಿಸಿದವಳು ಚೆನ್ನಾಗಿ ಕಲಿತಿದ್ದಾಳೆ ಎಂದುಕೊಂಡಳು.

ಪಾಠದ ಕೋಣೆಯಲ್ಲಿ ಅವಳು ಎಂದಿನ ಹಾಗೆ ಗದರಲಿಲ್ಲ. ಮೇಜಿನ ನಡುವೆ ಗೊಂಬೆ ನಿಲ್ಲಿಸಿ, "ಇದ್ರಲ್ಲಿ ತಪ್ಪೇನಿದೆ ಹೇಳಿ," ಎಂದಳು. ಒಬ್ಬಳು ಅಳುಕುತ್ತಲೇ, "ಬೀಗ ಸೊಂಟದಲ್ಲಿದೆ," ಎಂದಳು. "ಸರಿ. ಇದು ನಾನು," ಎಂದು ಬೀಗದಕ್ಕ ಎಲ್ಲವನ್ನೂ ಹೇಳಿದಳು, ಕತ್ತಿಯ ಸುಯ್ಯೆನ್ನುವ ಸದ್ದು ಸಮೇತ. ಯಾರೂ ನಗಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತಿದ್ದ ವಯಸ್ಸಾದ ವೆಲ್ಡರ್ ಒಬ್ಬ ಎದ್ದು, "ಅಕ್ಕಾ, ನಾನೂ ಒಂದ್ ಸಲ..." ಎಂದು ಶುರು ಮಾಡಿದ. ಆ ದಿನದ ಪಾಠ ಮುಗಿಯಲು ಮಾಮೂಲಿಗಿಂತ ಒಂದು ಗಂಟೆ ಹೆಚ್ಚು ಹಿಡಿಯಿತು.

ಹೊರಗೆ ಮಧ್ಯಾಹ್ನದ ಬಿಸಿಲು. ಕೆಲಸದ ದಿನ ಈ ಹೊತ್ತಿಗೆ ಮನೆಗೆ ಹೊರಟದ್ದು ಅವರಿಗೆ ನೆನಪಿರುವ ಮಟ್ಟಿಗೆ ಇದೇ ಮೊದಲು. ಹೆಗಲ ಚೀಲದಲ್ಲಿ ಹನ್ನೊಂದು ಅಸ್ಥಿಪಂಜರಗಳು ಲೊಟಲೊಟ ಎನ್ನುತ್ತಿದ್ದವು. ಮನೆಯಲ್ಲಿರುವ ಅಜ್ಜಿಯರ ಪಕ್ಕದಲ್ಲಿ ಅವನ್ನು ಕಪಾಟಿನಲ್ಲಿ ಸಾಲಾಗಿ ನಿಲ್ಲಿಸುವುದೆಂದು ತೀರ್ಮಾನವಾಗಿತ್ತು. ಗುಟ್ಟಿನ ಗೊಂಬೆ ಮಾತ್ರ ಪಾಠದ ಕೋಣೆಯಲ್ಲೇ ಉಳಿಯಿತು.

ಬೀಗದಕ್ಕ ಸ್ಕೂಟರಿನ ಹಿಂದೆ ಹತ್ತಿ, ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡಳು. ಅವನು ಕೀಲಿ ತಿರುಗಿಸಿ, ತಲೆ ಅರ್ಧ ಹೊರಳಿಸಿ ಕೇಳಿದ.

"ಕೂತ್ಯಾ?"

ಆಕಾಶ ನೋಡುವುದು ಅವಳಿಗೆ ರೂಢಿಯಾಗಿತ್ತು. ಇವತ್ತು ನೋಡಲಿಲ್ಲ. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ದಿನವೂ ಅವನು ಕತ್ತಲಕೋಟೆಯ ಬಾಗಿಲಲ್ಲಿ ನಿಂತು ಕರೆಯುತ್ತಲೇ ಇದ್ದ, ಮೊದಲ ಆರು ತಿಂಗಳು ಬಿಟ್ಟರೆ ತಾನು ಒಂದು ದಿನವೂ ಓಗೊಡಲಿಲ್ಲ ಎಂದು ಅವಳಿಗೆ ಈಗ ಹೊಳೆಯಿತು. ಅವನ ಹೆಗಲ ಮೇಲೆ ಕೈಯಿಟ್ಟಳು.

"ಕೂತಿದೀನಿ ಕಣ್ರೀ. ಇಲ್ಲೇ ಇದೀನಿ."

ಮೂರ್ಸಲದಣ್ಣ ಇನ್ನೊಮ್ಮೆ ಕೇಳದೆ ಸ್ಕೂಟರ್ ಹೊರಡಿಸಿದ.